ಕಣ್ಣು ಕಿತ್ತ ಶುಂಠಿ

"ತೂಕ ಹಾಕಿ!"

ತಕ್ಕಡಿಯ ಮೇಲೆ ಮೂರು ಶುಂಠಿ ಚೂರುಗಳು ಟಪ್ಪೆಂದು ಬಿದ್ದವು. ಒಂದು ಒಣಗಿ ಹೊಟ್ಟಾಗಿತ್ತು. ಇನ್ನೊಂದು ಕೊಳೆತು ನಾರುತ್ತಿತ್ತು. ಮೂರನೆಯದಕ್ಕೆ ಇನ್ನೂ ಹಸಿ ಮಣ್ಣು ಮೆತ್ತಿಕೊಂಡಿತ್ತು.

ಕುಮಾರಸ್ವಾಮಿ ಲೇಔಟಿನ ಸೋಮಲಿಂಗಪ್ಪನವರ ತರಕಾರಿ ಅಂಗಡಿಯಲ್ಲಿ ಸಂಜೆಯ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಬೀನ್ಸ್ ಆರಿಸುತ್ತಿದ್ದವರ ಕೈ ಅಲ್ಲೇ ನಿಂತಿತು.

ಸೋಮಲಿಂಗಪ್ಪನವರ ಮಗ ನಚಿಕೇತ ತಲೆಯೆತ್ತಿದ. ಎದುರಿಗೆ ನಿಂತವಳು ಲಿಖಿತಾ. ಮೂಗಿನ ತುದಿ ಕೆಂಪಾಗಿತ್ತು, ಕಣ್ಣಲ್ಲಿ ಬೆಂಕಿ.

"ಏನ್ ಮೇಡಂ ಇದು?"

"ನನ್ನನ್ನ ಕೇಳ್ತೀರಾ? ಕೊಟ್ಟೋರು ನೀವು! ಯುಗಾದಿಗೆ ಒಂದು, ಮೇ ತಿಂಗಳಲ್ಲಿ ಒಂದು, ಹೋದ ತಿಂಗಳು ಒಂದು. ಮೂರೂ ಮೊಳೀಲಿಲ್ಲ!"

"ಮೊಳೀಬೇಕಿತ್ತಾ?"

ಪಾಪ, ಅವನು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ಆದರೆ ಟೊಮೇಟೊ ಕ್ರೇಟಿನ ಪಕ್ಕ ಯಾರೋ ಕಿಸಕ್ಕೆಂದು ನಕ್ಕರು. ಲಿಖಿತಾಳ ಪಿತ್ತ ನೆತ್ತಿಗೇರಲು ಅಷ್ಟು ಸಾಕಾಯಿತು.

"ಇದರ ಕಣ್ಣುಗಳೆಲ್ಲಿ ರೀ? ಮೊಳಕೆ ಬರೋ ಕಣ್ಣು! ಒಂದೂ ಬಿಡದ ಹಾಗೆ ಚಾಕುನಲ್ಲಿ ಕೆತ್ತಿದಾರೆ. ಕೆತ್ತಿದ್ದು ನೀವೇ ತಾನೇ? ಹೌದೋ ಅಲ್ವೋ, ಅಷ್ಟು ಹೇಳಿ!"

ನಚಿಕೇತನ ಮುಖದ ಬಣ್ಣವೇ ಬದಲಾಯಿತು. ಕಿವಿಯ ತನಕ ಕೆಂಪೇರಿತು.

"ಹೌದು..."

"ಯಾಕೆ?"

ಅವನು ಗಿರಾಕಿಗಳನ್ನು ನೋಡಿದ, ತಕ್ಕಡಿಯನ್ನು ನೋಡಿದ, ಕೊನೆಗೆ ತನ್ನ ಚಪ್ಪಲಿಯನ್ನು ನೋಡಿಕೊಂಡ. "ಅದು... ಇಲ್ಲಿ ಹೇಳೋಕಾಗಲ್ಲ ಮೇಡಂ."

"ಹೇಳೋಕಾಗಲ್ವಂತೆ! ನಾನೇ ಹೇಳ್ತೀನಿ ಬಿಡಿ. ಜನ ಮನೇಲೇ ಶುಂಠಿ ಬೆಳ್ಕೊಂಡ್ರೆ ನಿಮ್ಮ ಹತ್ರ ಯಾರು ಬರ್ತಾರೆ ಅಂತ, ಅಲ್ವಾ? ಥೂ! ಇಷ್ಟು ಚೀಪಾಗಿ ಯೋಚನೆ ಮಾಡೋರು ನೀವು ಅಂತ ಗೊತ್ತಿರ್ಲಿಲ್ಲ."

ಹೇಳಿದವಳು ಹಿಂದೆ ತಿರುಗಿ ನೋಡದೆ ಹೊರಟುಹೋದಳು. ಕೊಳೆತ ಶುಂಠಿ ತಕ್ಕಡಿಯಲ್ಲೇ ಉಳಿಯಿತು.

ಒಂದು ತುಂಡು ಶುಂಠಿಗೆ ಇಷ್ಟೊಂದು ರಂಪವೇ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳಿ. ಅವಳ ಜಾಗದಲ್ಲಿ ನೀವಿದ್ದಿದ್ದರೆ ಕ್ರೇಟನ್ನೇ ಮಗುಚುತ್ತಿದ್ದಿರಿ.

ಕಳೆದ ಕಾರ್ತಿಕದಲ್ಲಿ ಲಿಖಿತಾಳ ನಿಶ್ಚಿತಾರ್ಥಕ್ಕೆ ಇನ್ನು ಹನ್ನೆರಡೇ ದಿನ ಇತ್ತು. ಸೀರೆ ಬಂದಾಗಿತ್ತು, ಛತ್ರ ಗೊತ್ತುಮಾಡಿ ಆಗಿತ್ತು. ಆಗ ಸುಮನ್ ಎಂಬ ಆ ಮಹಾನುಭಾವ ಒಂದು ಮೆಸೇಜು ಕಳಿಸಿದ. 'ಸಾರಿ, ನಮ್ಮಿಬ್ರಿಗೂ ಸೆಟ್ ಆಗಲ್ಲ ಅನ್ಸುತ್ತೆ.' ಅಷ್ಟೇ! ಒಂದು ಫೋನ್ ಕೂಡ ಇಲ್ಲ. ಹೀಗೆ ಮಾಡಿದವನನ್ನು ಯಾರಾದರೂ ಒಂದು ಮಾತು ಅಂದರೇ? ಇಲ್ಲ. ಅನ್ನಿಸಿಕೊಂಡವಳು ಇವಳು.

ಸಮಾಧಾನ ಹೇಳಲೆಂದು ವಸಂತಪುರದಿಂದ ಬಂದ ದೊಡ್ಡಮ್ಮ ಕಾಫಿ ಕುಡಿದು, ಬಾಲ್ಕನಿಯಲ್ಲಿ ಒಣಗಿ ನಿಂತಿದ್ದ ಕರಿಬೇವಿನ ಗಿಡವನ್ನು ನೋಡಿ ನಿಟ್ಟುಸಿರುಬಿಟ್ಟರು. "ಕೆಲವ್ರ ಕೈಗುಣಾನೇ ಹಂಗೆ ಬಿಡು ಬಸವಲಿಂಗಮ್ಮ. ಹಿಡಿದಿದ್ದು ಒಂದೂ ಹತ್ತಲ್ಲ."

ಅಮ್ಮ ಬಸವಲಿಂಗಮ್ಮ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಳಗಿನ ಕೋಣೆಯಲ್ಲಿದ್ದ ಲಿಖಿತಾಳಿಗೆ ಆ ಮಾತು ಕೆನ್ನೆಗೆ ಹೊಡೆದಂತೆ ಕೇಳಿಸಿತು. ಯಾವ ಕೈ ಅದು? ಜಯನಗರದ ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನರ ರಕ್ತ ತೆಗೆಯುವ ಕೈ! ನರ ಸಿಗದ ಮುದುಕರು, ಕಿರುಚುವ ಮಕ್ಕಳು, ಎಲ್ಲರೂ ಅವಳೇ ಬೇಕೆಂದು ಕಾದು ಕೂರುತ್ತಾರೆ. ಒಬ್ಬರಿಗೂ ಎರಡನೇ ಸಲ ಸೂಜಿ ಚುಚ್ಚಿದವಳಲ್ಲ. ಆ ಕೈಗೆ ಗುಣವಿಲ್ಲವಂತೆ!

ಮರುದಿನವೇ ತಾರಸಿಯ ಮೇಲೆ ಕುಂಡಗಳು ಬಂದವು. ಮೆಂತ್ಯ ಬಂತು, ಪುದೀನ ಹಬ್ಬಿತು. ದೊಡ್ಡಮ್ಮ ಫೋನಿನಲ್ಲಿ, "ಅವೇನ್ ಬಿಡು, ಬಿಸಾಕಿದ್ರೂ ಬರ್ತವೆ" ಎಂದು ತಳ್ಳಿಹಾಕಿದರು.

ಯುಗಾದಿಗೆ ಎದುರು ಮನೆಯ ಚೂಡಾಮಣಿ ಆಂಟಿ ಒಂದು ಸವಾಲು ಹಾಕಿದರು. ಆಂಟಿ ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಬಡಾವಣೆಯ 'ತಾರಸಿ ತೋಟ' ವಾಟ್ಸಾಪ್ ಗ್ರೂಪಿಗೂ ಅವರೇ ಅಡ್ಮಿನ್. ಅಂಗಡಿಯಿಂದ ತಂದ ಶುಂಠಿಯನ್ನೇ ಎಲ್ಲರೂ ನೆಡಬೇಕು ಎಂದು ಅಪ್ಪಣೆಯಾಯಿತು. ರಾತ್ರಿಯೆಲ್ಲ ನೀರಿನಲ್ಲಿ ನೆನೆಸಬೇಕು, ಒಂದೊಂದು ತುಂಡಿಗೂ ಎರಡು ಕಣ್ಣು ಬರುವಂತೆ ಕತ್ತರಿಸಬೇಕು, ಕತ್ತರಿಸಿದ ಕಡೆ ಒಣಗಲು ಎರಡು ದಿನ ಬಿಡಬೇಕು. ಆಮೇಲೆ ಕಣ್ಣು ಮೇಲಕ್ಕೆ ಬರುವಂತೆ ಮಲಗಿಸಿ ಎರಡು ಬೆರಳು ಮಣ್ಣು ಮುಚ್ಚಿ, ಅರೆನೆರಳಿನಲ್ಲಿಟ್ಟು ಕಾಯಬೇಕು.

ಲಿಖಿತಾ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು. ತನ್ನ ತುಂಡಿನಲ್ಲಿ ಕಣ್ಣು ಯಾವುದು, ಗಾಯದ ಗುರುತು ಯಾವುದು ಎಂದು ಮಾತ್ರ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಶುಂಠಿ ಜಜ್ಜಿದ್ದಾಳೆಯೇ ಹೊರತು ನೆಟ್ಟವಳಲ್ಲ. ಅಂದಾಜಿನ ಮೇಲೆ ಮಲಗಿಸಿದಳು.

ಗ್ರೂಪಿನಲ್ಲಿ ಒಬ್ಬೊಬ್ಬರ ಫೋಟೋ ಬರತೊಡಗಿತು. ಹಸಿರು ಮೊಳಕೆ, ಗೇಣುದ್ದದ ಎಲೆ. ಇವಳ ಬಕೆಟ್ಟಿನಲ್ಲಿ ಮಣ್ಣು ಮಾತ್ರ. ಮೂರು ಸಲ ನೆಟ್ಟಳು, ಮೂರು ಸಲವೂ ಅಷ್ಟೇ. ಮೂರನೆಯದನ್ನು ಕೆದಕಿ ನೋಡಿದ ದಿನ ತಾರಸಿಯಲ್ಲೇ ಕುಳಿತು ಅತ್ತುಬಿಟ್ಟಳು. 'ದೊಡ್ಡಮ್ಮ ಹೇಳಿದ್ದೇ ನಿಜಾನಾ? ನನ್ನ ಕೈಗೆ ಏನೂ ಹತ್ತಲ್ವಾ?'

ಆಗ ಬಟ್ಟೆ ಒಣಹಾಕಲು ಬಂದ ಚೂಡಾಮಣಿ ಆಂಟಿ ತಮ್ಮ ತಾರಸಿಯಿಂದಲೇ ನೋಡಿ, ಇಳಿದು ಬಂದು, ಕನ್ನಡಕ ಏರಿಸಿ ಆ ತುಂಡನ್ನು ತಿರುಗಿಸಿ ನೋಡಿದರು.

"ಅಯ್ಯೋ ಹುಚ್ಚುಡುಗಿ! ಇದಕ್ಕೆ ಕಣ್ಣೇ ಇಲ್ವಲ್ಲೇ. ಯಾರೋ ನೀಟಾಗಿ ಕೆತ್ತಿದಾರೆ. ಎಲ್ಲಿ ತಂದೆ?"

"ಸೋಮಲಿಂಗಪ್ಪನವ್ರ ಅಂಗಡೀಲಿ."

"ನಾನೂ ಅಲ್ಲೇ ತಂದಿದ್ದು! ನಂದು ಮೊಣಕಾಲುದ್ದ ಬಂದಿದೆ. ಅಂದ್ರೆ ನಿಂಗೆ ಮಾತ್ರ ಹೀಗೆ ಕೊಡ್ತಿದಾನೆ."

ತಪ್ಪು ತನ್ನ ಕೈಯದ್ದಲ್ಲ! ಆ ಕ್ಷಣಕ್ಕೆ ಲಿಖಿತಾಳಿಗೆ ಎಷ್ಟು ಹಗುರವಾಯಿತೆಂದರೆ ನಗು ಬಂತು. ಅದರ ಹಿಂದೆಯೇ ಸಿಟ್ಟು ಬಂತು. ಮತ್ತೆ ಒಬ್ಬ ಗಂಡಸು, ಮತ್ತೆ ನಗುನಗುತ್ತಲೇ ಮೋಸ!

ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು ಕಾರಣಕ್ಕೆ. ಬಡಾವಣೆಯ ಹೆಂಗಸರೆಲ್ಲ ನಚಿಕೇತನನ್ನು 'ಅಣ್ಣ' ಎಂದು ಕರೆಯುತ್ತಿದ್ದರು, ಇವಳು ಮಾತ್ರ 'ರೀ' ಅನ್ನುತ್ತಿದ್ದಳು. ಸಂಜೆ ಬಸ್ಸಿಳಿದು ಅವನ ಅಂಗಡಿಯ ತಿರುವು ಬರುವಾಗ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಮೆಸೇಜಿನಲ್ಲಿ ಪಟ್ಟಿ ಕಳಿಸಿದರೆ ಸಂಜೆಗೆ ಚೀಲ ತಯಾರಾಗಿರುತ್ತಿತ್ತು. ಎಲ್ಲಕ್ಕೂ ಮೇಲೆ, ಪುಟ್ಟ ಕಾಗದದಲ್ಲಿ ಸುತ್ತಿದ ಶುಂಠಿ. ಅದನ್ನು ನೋಡಿ ಎಷ್ಟು ಸಲ ಒಬ್ಬಳೇ ನಕ್ಕಿದ್ದಳೋ! ಆ ನಗುವನ್ನೆಲ್ಲ ಈಗ ವಾಪಸ್ಸು ಕಿತ್ತುಕೊಳ್ಳಬೇಕು ಅನ್ನಿಸಿತು.

ಅಂಗಡಿಯಲ್ಲಿ ಕೂಗಾಡಿ ಬಂದವಳು ಮನೆಯ ಮೆಟ್ಟಿಲ ಮೇಲೆ ಕುಳಿತೇ ಗ್ರೂಪಿಗೆ ಬರೆದಳು. ಮೊದಲೇ ತೆಗೆದಿಟ್ಟಿದ್ದ ಕೆತ್ತಿದ ಶುಂಠಿಯ ಫೋಟೋ ಹಾಕಿ, 'ಮನೆಯಲ್ಲಿ ಬೆಳೆಯಬಾರದೆಂದು ಬೇಕಂತಲೇ ಕಣ್ಣು ಕಿತ್ತು ಮಾರುತ್ತಿದ್ದಾರೆ. ಕೇಳಿದರೆ ಹೌದು ಎಂದು ಒಪ್ಪಿಕೊಂಡರು' ಎಂದಳು. ಅಂಗಡಿಯ ಹೆಸರನ್ನೂ ಹಾಕಿದಳು.

ಗ್ರೂಪಿನಲ್ಲಿದ್ದವರು ಇನ್ನೂರ ನಲವತ್ತು ಜನ. ಒಬ್ಬರಾದರೂ 'ಅವನನ್ನೂ ಒಂದು ಮಾತು ಕೇಳೋಣ' ಅನ್ನಬೇಡವೇ? ಯಾರೂ ಅನ್ನಲಿಲ್ಲ. ಚೂಡಾಮಣಿ ಆಂಟಿ ಆ ಅಂಗಡಿಗೆ ಯಾರೂ ಕಾಲಿಡಬೇಡಿ ಎಂದರು. ಒಬ್ಬರು ಕಲ್ಲಂಗಡಿಗೆ ಬಣ್ಣ ಚುಚ್ಚುತ್ತಾನೆ ಎಂದರು. ಇನ್ನೊಬ್ಬರು ಸೌತೆಕಾಯಿಗೆ ಮೇಣ ಹಚ್ಚುತ್ತಾನೆ, ತಾವೇ ಕಂಡಿದ್ದೇವೆ ಎಂದರು. ನೆನ್ನೆಯವರೆಗೆ 'ಅಣ್ಣಾ, ಎರಡು ಕೊತ್ತಂಬರಿ ಜಾಸ್ತಿ ಹಾಕು' ಎಂದು ಹಲ್ಲು ಕಿರಿಯುತ್ತಿದ್ದ ಜನವೇ ಇದು! ಮೆಸೇಜು ಗ್ರೂಪಿನಿಂದ ಗ್ರೂಪಿಗೆ ಹಾರಿತು.

ಐದು ದಿನ ಕಳೆಯಿತು. ಬಸ್ಸಿಳಿದು ಬರುವಾಗ ಲಿಖಿತಾ ಆಚೆ ಫುಟ್‌ಪಾತಿನಲ್ಲಿ ನಡೆಯುತ್ತಿದ್ದಳು. ನೋಡಬಾರದು ಎಂದುಕೊಂಡರೂ ಕಣ್ಣು ಆ ಕಡೆಗೇ ಹೋಗುತ್ತಿತ್ತು. ಅಂಗಡಿಯಲ್ಲಿ ಒಬ್ಬ ಗಿರಾಕಿ ಇಲ್ಲ. ಟೊಮೇಟೊ ಕ್ರೇಟುಗಳ ಸುತ್ತ ನೊಣ. ನಚಿಕೇತ ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿದ್ದ.

'ಆಗಲಿ. ಮಾಡಿದ್ದು ಅನುಭವಿಸಲಿ!' ಎಂದುಕೊಂಡಳು. ಆದರೆ ಆ ರಾತ್ರಿ ತಟ್ಟೆಯ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಭಾನುವಾರ ಮಧ್ಯಾಹ್ನ ಅದೇ ದಾರಿಯಲ್ಲಿ ಬರುವಾಗ ಯಾರೋ ಕೂಗಿದರು.

"ಏಯ್, ಬಾವ್ವಾ ಇಲ್ಲಿ! ಓಡೋಗ್ಬ್ಯಾಡ!"

ಅಂಗಡಿಯ ಕಟ್ಟೆಯ ಮೇಲೆ ವರ್ಷಗಳಿಂದ ಸೊಪ್ಪು ಮಾರುವ ಅಂಕಮ್ಮ. ಎಲೆಅಡಿಕೆ ಉಗಿದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀನೇ ತಾನೆ ಪೋನ್ನಾಗೆ ಬರ್ದಿದ್ದು? ಕಣ್ಣು ಕಿತ್ತವ್ನೆ ಅಂತ?"

"ಹೌದು, ಕಿತ್ತಿದಾರೆ. ಅವ್ರೇ ಒಪ್ಕೊಂಡ್ರು."

"ಕಿತ್ತ ಕಣವ್ವ, ಕಿತ್ತ! ದಿನಾ ನನ್ ಮುಂದೇನೆ ಕುಂತು ಕಿತ್ತವ್ನೆ. ಮಾರ್ಕೆಟ್ಟಿಂದ ಮೂಟೆ ಬರ್ತಿದ್ದಂಗೆ ಒಳ್ಳೆ ದಪ್ಪನೆ ಶುಂಠಿ ಆರ್ಸಿ, ತೊಳ್ದು, ಗಂಟೆಲ್ಲ ಚಾಕ್ನಾಗೆ ಕೆರ್ದು ನೈಸಾಗಿ ಮಾಡಿ ಕಾಗ್ದದಾಗೆ ಸುತ್ತಿ ಮಡಗ್ತಾನೆ. ಯಾರಿಗ್ಲಾ ಅಂದೆ. ಆ ಲ್ಯಾಬ್ ಮೇಡಮ್ಮಿಗೆ ಅಂದ. ಶುಂಠಿ ಸಿಪ್ಪೆ ತಗ್ಯಕ್ಕೋಗಿ ಹೆಬ್ಬೆಟ್ಟು ಕುಯ್ಕೊಂಡವ್ರೆ, ರಕ್ತ ತಗ್ಯೋ ಕೈ ಅದು ಅಂಕಮ್ಮ, ನೋವಾದ್ರೆ ಕೆಲ್ಸ ಎಂಗೆ ಮಾಡ್ತಾರೆ, ಅಂದ!"

ಲಿಖಿತಾ ನಿಂತಲ್ಲೇ ನಿಂತಳು.

ಜನವರಿಯಲ್ಲಿ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಅಂಗಡಿಗೆ ಬಂದಿದ್ದಳು. 'ಏನಾಯ್ತು ಮೇಡಂ?' ಎಂದು ಅವನು ಕೇಳಿದ್ದ. 'ನಿಮ್ಮ ಶುಂಠಿನೇ ರೀ, ಬರೀ ಗಂಟು! ಅಮ್ಮನ ಕಷಾಯಕ್ಕೆ ಸಿಪ್ಪೆ ತೆಗೀತಿದ್ದೆ' ಎಂದು ರೇಗಿದ್ದಳು. ರೇಗಿ ಮರೆತಿದ್ದಳು. ಶುಂಠಿ ನೆಡುವುದಕ್ಕೆ ಬೇಕೆಂದು ಅವನಿಗೆ ಒಂದು ದಿನವೂ ಹೇಳಿರಲಿಲ್ಲ. ಪಟ್ಟಿಯಲ್ಲಿ 'ಶುಂಠಿ' ಎಂದಷ್ಟೇ ಇರುತ್ತಿತ್ತು. 'ಅಯ್ಯೋ... ನಾನೇನು ಮಾಡಿಬಿಟ್ಟೆ!'

"ಇದನ್ನ ಅವತ್ತೇ ಅವ್ರು ಹೇಳ್ಬೋದಿತ್ತಲ್ಲ ಅಂಕಮ್ಮ?" ಅವಳ ದನಿ ಒಡೆಯಿತು.

"ಎಂಟು ಜನದ ಮುಂದೆ ಎಂಗವ್ವ ಏಳ್ತಾನೆ? ಆಮ್ಯಾಕೆ ನಿನ್ ಬಗ್ಗೆ ಆಡ್ಕಂಬ್ತಾರೆ ಅಂತ ಬಾಯಿ ಮುಚ್ಕಂಡ ಅವ್ನು. ನೀನೋ, ಊರಿಗೆಲ್ಲ ಸಾರಿದೆ!"

ಲಿಖಿತಾ ಅಂಗಡಿಯೊಳಕ್ಕೆ ಹೋದಳು. ನಚಿಕೇತ ಕೊಳೆತ ಟೊಮೇಟೊಗಳನ್ನು ಬೇರೆ ಮಾಡುತ್ತಿದ್ದ. ನೋಡಿದವನು ಎದ್ದು ನಿಲ್ಲಲಿಲ್ಲ.

"ಏನ್ ಬೇಕಿತ್ತು ಮೇಡಂ?"

"ನಂಗೆ ಗೊತ್ತಾಯ್ತು... ಅಂಕಮ್ಮ ಹೇಳಿದ್ಲು. ಕ್ಷಮಿಸಿ ರೀ."

"ಹದಿನೆಂಟು ವರ್ಷದ ಅಂಗಡಿ ಮೇಡಂ." ಅವನು ಟೊಮೇಟೊ ಬಿಟ್ಟು ತಲೆಯೆತ್ತಿದ. ಮೆತ್ತಗಿನ ಮಾತಿನವನ ದನಿ ಮೊದಲ ಸಲ ಏರಿತ್ತು. "ಅಪ್ಪ ತಳ್ಳೋ ಗಾಡೀಲಿ ಶುರು ಮಾಡಿದ್ದು. ಕೊಳೆತಿದ್ದು ಒಂದ್ ಬೀನ್ಸ್ ಕೂಡ ಅವ್ರು ಯಾರ ಚೀಲಕ್ಕೂ ಹಾಕಿಲ್ಲ. ಮೊನ್ನೆ ಅವ್ರ ಫೋನಿಗೇ ಬಂತು ನಿಮ್ಮ ಮೆಸೇಜು. ಓದಿ, ನಿಜಾನೇನಪ್ಪ ಅಂತ ನನ್ನ ಕೇಳಿದ್ರು. ನಮ್ಮಪ್ಪ! ನನ್ನ! ನಾನು ಏನಂತ ಹೇಳ್ಲಿ? ನೀವು ಒಂದ್ ಸಲ, ಒಂದೇ ಒಂದ್ ಸಲ ನನ್ನನ್ನ ಪಕ್ಕಕ್ಕೆ ಕರೆದು ಕೇಳಿದ್ರೆ ಆಗ್ತಿರ್ಲಿಲ್ವಾ?"

ಅವಳ ಕಣ್ಣೀರು ತಾನಾಗಿ ಇಳಿಯಿತು. ಸುಮನ್ ಮಾಡಿದ್ದೂ ಇದನ್ನೇ ಅಲ್ಲವೇ? ಎದುರು ನಿಂತು ಕೇಳಲಿಲ್ಲ, ಒಂದು ಮೆಸೇಜು ಹಾಕಿ ಕೈತೊಳೆದುಕೊಂಡ. ತಾನೂ ಅದನ್ನೇ ಮಾಡಿದ್ದೇನೆ ಎಂದು ತಿಳಿದಾಗ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು.

"ಈಗ್ಲೇ ಬರೀತೀನಿ. ತಪ್ಪು ನಂದು ಅಂತ."

"ಬೇಡ."

"ಯಾಕೆ?"

"ತಪ್ಪು ನಂದು ಅಂದ್ರೆ ಬಿಡ್ತಾರಾ? ಯಾಕೆ ಕೆತ್ತಿದ ಅಂತಾರೆ. ಅದಕ್ಕೆ ನಿಜ ಹೇಳ್ಬೇಕಾಗುತ್ತೆ. ಆ ಮದುವೆ ಮಾತು ಮುರಿದಾಗ್ಲೇ ಜನ ನಿಮ್ಮನ್ನ ಎಷ್ಟು ಆಡ್ಕೊಂಡ್ರು ಅಂತ ಇಲ್ಲಿ ಕೂತು ಕೇಳಿದೀನಿ ನಾನು. ಮತ್ತೆ ಬೇಡ. ಅಂಗಡಿ ಹೋದ್ರೆ ಬೇರೆ ಕಡೆ ಇಡ್ತೀನಿ."

ಲಿಖಿತಾ ಕಣ್ಣೊರೆಸಿಕೊಂಡಳು. ಅಳು ಇದ್ದ ಜಾಗಕ್ಕೆ ಸಿಟ್ಟು ಮತ್ತೆ ಬಂದು ಕುಳಿತಿತು.

"ನನ್ನ ಹೆಸರು ಕಾಯೋ ಕೆಲ್ಸ ನಿಮಗೆ ಯಾರ್ ಕೊಟ್ರು? ನಾನ್ ಕೇಳಿದ್ನಾ? ಶುಂಠಿ ಕೆತ್ತಿ ಅಂತಾನೂ ಕೇಳಿರ್ಲಿಲ್ಲ, ಬಾಯಿ ಮುಚ್ಕೊಳ್ಳಿ ಅಂತಾನೂ ಕೇಳಿರ್ಲಿಲ್ಲ! ಎಲ್ಲಾ ನೀವೇ ತೀರ್ಮಾನ ಮಾಡೋದಾ?"

ಫೋನ್ ತೆಗೆದು ಅಲ್ಲೇ ಬರೆದಳು. 'ಶುಂಠಿ ವಿಷಯದಲ್ಲಿ ತಪ್ಪು ನನ್ನದು. ಅಂಗಡಿಯವರು ಮೋಸ ಮಾಡಿಲ್ಲ. ಎಲ್ಲರೂ ಮೊದಲಿನಂತೆ ಹೋಗಿ.'

ಎರಡು ನಿಮಿಷವೂ ಆಗಿರಲಿಲ್ಲ. ಚೂಡಾಮಣಿ ಆಂಟಿಯ ಪ್ರಶ್ನೆ ಬಂತು: 'ಮತ್ತೆ ಕೆತ್ತಿದ್ದು ಯಾಕಂತೆ? ನಮಗ್ಯಾರಿಗೂ ಕೆತ್ತದೆ ನಿನಗೆ ಮಾತ್ರ ಯಾಕೆ?' ಇನ್ನೊಬ್ಬರು, 'ಹೆದರಿಸಿದನಾ? ಪೊಲೀಸ್ ಕಂಪ್ಲೇಂಟ್ ಕೊಡೋಣ.' ಮತ್ತೊಬ್ಬರು, 'ಏನೋ ಮುಚ್ಚಿಡ್ತಿದಾರೆ.'

"ಹೇಳಿದ್ನಲ್ಲ..." ಎಂದ ನಚಿಕೇತ.

ಲಿಖಿತಾ ಒಂದು ಕ್ಷಣ ಫೋನನ್ನೇ ನೋಡಿದಳು. ಇನ್ನೂರ ನಲವತ್ತು ಜನ. ಅಮ್ಮನೂ ಇದ್ದಾಳೆ. ಒಂದು ಗಂಟೆಯಲ್ಲಿ ಸುದ್ದಿ ವಸಂತಪುರ ಮುಟ್ಟುತ್ತದೆ. ಮುಟ್ಟಲಿ! ಮೈಕಿನ ಗುರುತನ್ನು ಒತ್ತಿ ಹಿಡಿದಳು.

"ಎಲ್ರೂ ಸರಿಯಾಗಿ ಕೇಳಿಸ್ಕೊಳ್ಳಿ. ಜನವರಿಯಲ್ಲಿ ಶುಂಠಿ ಸಿಪ್ಪೆ ತೆಗೆಯುವಾಗ ನನ್ನ ಹೆಬ್ಬೆರಳು ಕುಯ್ದಿತ್ತು. ಅವತ್ತಿಂದ ನಚಿಕೇತ ಅವ್ರು ನನಗೆ ಕೊಡೋ ಶುಂಠೀನ ಪ್ರತಿ ಸಲ ಆರಿಸಿ, ತೊಳೆದು, ಗಂಟು ತೆಗೆದು ಕೊಡ್ತಿದ್ರು. ನನ್ನ ಕೈಗೆ ಮತ್ತೆ ಗಾಯ ಆಗ್ಬಾರ್ದು ಅಂತ. ಒಂದ್ ಸಲಾನೂ ಹೇಳ್ಕೊಂಡಿಲ್ಲ. ನೆಡೋಕೆ ಬೇಕು ಅಂತ ನಾನೇ ಹೇಳಿರ್ಲಿಲ್ಲ. ನಾನು ಅವ್ರನ್ನ ಕಳ್ಳ ಅಂದೆ, ನೀವೆಲ್ಲ ಹೌದೌದು ಅಂದ್ರಿ. ಕಲ್ಲಂಗಡಿಗೆ ಬಣ್ಣ ಚುಚ್ಚಿದ್ದು ನೋಡಿದೋರು ಯಾರು? ಮೇಣ ಹಚ್ಚಿದ್ದು ನೋಡಿದೋರು ಯಾರು? ಬನ್ನಿ, ಈಗ ನಾನು ಅವ್ರ ಅಂಗಡೀಲೇ ಇದೀನಿ, ಬಂದು ತೋರಿಸಿ! ಇನ್ನು ನನ್ನ ಬಗ್ಗೆ ಮಾತಾಡೋರು ಧಾರಾಳವಾಗಿ ಮಾತಾಡ್ಕೊಳ್ಳಿ. ಇಷ್ಟು ಒಳ್ಳೆಯೋರ ಜೊತೆ ನನ್ನ ಹೆಸರು ಸೇರಿದ್ರೆ ನನಗೆ ನಾಚಿಕೆ ಇಲ್ಲ."

ಬೆರಳು ತೆಗೆದಳು. ಸಂದೇಶ ಹೊರಟುಹೋಯಿತು.

ಅಂಕಮ್ಮ ಸೊಪ್ಪಿನ ಮೇಲೆ ನೀರು ಚಿಮುಕಿಸುವುದನ್ನು ಬಿಟ್ಟು ಬಾಯಿ ತೆರೆದು ನೋಡುತ್ತಿದ್ದಳು. ಅಂಗಡಿಯಲ್ಲಿ ಫೋನಿನ ಟಿಂಗ್ ಟಿಂಗ್ ಸದ್ದು ನಿಲ್ಲಲೇ ಇಲ್ಲ. ಚೂಡಾಮಣಿ ಆಂಟಿಯೇ ಮೊದಲು ಬರೆದಿದ್ದರು: 'ನನ್ನದೂ ತಪ್ಪಾಯಿತು. ಸಂಜೆ ಅಂಗಡಿಗೆ ಬಂದು ಅವನಿಗೇ ಹೇಳುತ್ತೇನೆ.' ಅದರ ಕೆಳಗೆ ಸಾಲುಸಾಲಾಗಿ ಹೃದಯದ ಚಿತ್ರಗಳು. ಮೇಣ ಕಂಡವರು ಮಾತ್ರ ಸದ್ದಿಲ್ಲದೆ ತಮ್ಮ ಮೆಸೇಜನ್ನು ಅಳಿಸಿದ್ದರು.

ನಚಿಕೇತ ನಿಧಾನವಾಗಿ ಎದ್ದು ನಿಂತ. ಕೈಯನ್ನು ಒರೆಸಿದ್ದೇ ಒರೆಸಿದ್ದು.

"ಈಗ ಇಡೀ ಬಡಾವಣೆಗೆ ಗೊತ್ತಾಗೋಯ್ತು ಮೇಡಂ."

"ಹೂಂ. ಎಲ್ರಿಗೂ ಗೊತ್ತಾಯ್ತು." ಅವಳು ತಲೆಯೆತ್ತಿ ನೇರವಾಗಿ ಅವನನ್ನೇ ನೋಡಿದಳು. "ನನಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ."

ಅವನ ಕಿವಿ ಮತ್ತೆ ಕೆಂಪಾಯಿತು. ಹೊರಗೆ ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ಅದು ಹೋಗುವ ತನಕ ಕಾದ.

"ನೀವಂದ್ರೆ ನಂಗೆ ತುಂಬಾ ಇಷ್ಟ, ಲಿಖಿತಾ..."

"ಇಷ್ಟು ಹೇಳೋಕೆ ಆರು ತಿಂಗಳು ಬೇಕಾಯ್ತಾ?" ಗದರಿಸಬೇಕೆಂದು ಶುರುಮಾಡಿದ ಮಾತು ಅರ್ಧಕ್ಕೇ ಅಳುವಾಯಿತು, ಅಳುವಿನ ನಡುವೆಯೇ ನಗುವಾಯಿತು. "ನಾನೂ ಏನ್ ಕಮ್ಮಿ ಇಲ್ಲ ಬಿಡಿ. ನಿಮ್ಮನ್ನ ಒಂದ್ ದಿನವೂ ಅಣ್ಣ ಅನ್ನಲಿಲ್ಲ, ಯಾಕೆ ಅಂತ ನನ್ನನ್ನ ನಾನೇ ಕೇಳ್ಕೊಳ್ಳಲೂ ಇಲ್ಲ."

"ನಾನು ಕೇಳ್ಕೊಂಡಿದ್ದೆ. ದಿನಾ."

ಅವಳ ಫೋನು ಮತ್ತೊಮ್ಮೆ ಸದ್ದು ಮಾಡಿತು. ಈ ಸಲ ಗ್ರೂಪಿನಿಂದಲ್ಲ. ಓದಿದವಳು ಅದನ್ನೇ ಮತ್ತೊಮ್ಮೆ ಓದಿದಳು.

"ಯಾರು?" ನಚಿಕೇತನ ದನಿಯಲ್ಲಿ ಹೆದರಿಕೆ. "ಬೈತಿದಾರಾ?"

"ಅಮ್ಮ. ಊಟ ಆಯ್ತಾ ಅಂತ ಕೇಳ್ತಿದಾಳೆ."

"ನಿಮ್ಮನ್ನಾ?"

"ಅಲ್ಲ. ನಿಮ್ಮನ್ನ."

ಅವನು ಖಾಲಿ ಅಂಗಡಿಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಐದು ದಿನದಿಂದ ಬಿಗಿಹಿಡಿದಿದ್ದ ಮುಖ ಸಡಿಲವಾಯಿತು.

"ಇನ್ನೂ ಇಲ್ಲ ಅಂತ ಹೇಳಿ."